ಕಿವಿಗೊಟ್ಟು ಕೂತ ಡಾಕ್ಟರು

ರಷ್ಯನ್ ಲೇಖಕ ಚೆಕಾವ್ ಬರೆದ 'ಮೂವರು ಅಕ್ಕತಂಗಿಯರು' ನಾಟಕದ ಎರಡನೇ ಅಂಕದಲ್ಲಿ ಒಬ್ಬ ಮುದುಕ ಜವಾನ ಬರುತ್ತಾನೆ. ಹೆಸರು ಫೆರಪೋಂತ್. ಕಚೇರಿಯಿಂದ ಕಾಗದಪತ್ರ ತಂದಿದ್ದಾನೆ. ಅವನಿಗೆ ಕಿವಿ ಮಂದ. ಆ ಮನೆಯ ಮಗ ಆಂದ್ರೇ ಅವನ ಮುಂದೆ ತನ್ನ ಹೊಟ್ಟೆಯೊಳಗಿನದ್ದೆಲ್ಲ ತೋಡಿಕೊಳ್ಳುತ್ತಾನೆ. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದೇನೆ ಅಂತ ದಿನಾ ರಾತ್ರಿ ಕನಸು ಬೀಳುತ್ತೆ, ಬೆಳಗಾದರೆ ಈ ಸಣ್ಣ ಊರಿನ ಮಂಡಳಿಯ ಕಾರ್ಯದರ್ಶಿ ಕೆಲಸ. ಹೆಂಡತಿಗೆ ಇದು ಅರ್ಥವಾಗಲ್ಲ, ಅಕ್ಕತಂಗಿಯರ ಹತ್ತಿರ ಹೇಳಿಕೊಳ್ಳಲು ಭಯ. ಆಮೇಲೆ ಒಂದು ಮಾತು ಹೇಳುತ್ತಾನೆ: ನಿನಗೆ ಕಿವಿ ಸರಿಯಾಗಿ ಕೇಳಿಸುತ್ತಿದ್ದರೆ ಬಹುಶಃ ನಾನು ನಿನ್ನ ಹತ್ತಿರ ಮಾತಾಡುತ್ತಲೇ ಇರಲಿಲ್ಲ. ಇದಕ್ಕೆ ಫೆರಪೋಂತ್ ಕೊಡುವ ಉತ್ತರಕ್ಕೂ ಆಂದ್ರೇಯ ಸಂಕಟಕ್ಕೂ ಏನೇನೂ ಸಂಬಂಧ ಇಲ್ಲ. ಮಾಸ್ಕೋದಲ್ಲಿ ವ್ಯಾಪಾರಿಗಳು ಪ್ಯಾನ್‌ಕೇಕ್ ತಿನ್ನುತ್ತಿದ್ದರಂತೆ, ಒಬ್ಬ 40 ತಿಂದು ಸತ್ತೇ ಹೋದನಂತೆ. 40 ಇರಬೇಕು, ಇಲ್ಲ 50. ಸರಿಯಾಗಿ ನೆನಪಿಲ್ಲ.

ಈ ದೃಶ್ಯ ಓದಿದಾಗಲೆಲ್ಲ ನನಗೆ ಆಂಟನ್ ಚೆಕಾವ್‌ನ ಇಡೀ ಲೋಕವೇ ಇಲ್ಲಿದೆ ಅನ್ನಿಸುತ್ತದೆ. ಅವನ ಕತೆಗಳಲ್ಲಿ, ನಾಟಕಗಳಲ್ಲಿ ಎಲ್ಲರೂ ಮಾತಾಡುತ್ತಾರೆ. ಹೇಳಿಕೊಳ್ಳೋದಕ್ಕೆ ಎಲ್ಲರ ಹತ್ತಿರವೂ ಏನೋ ಇದೆ. ಕೇಳಿಸಿಕೊಳ್ಳುವವರು ಮಾತ್ರ ಸಿಗೋದಿಲ್ಲ. ಚೆಕಾವ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವನ ಹಾಸ್ಯ, ಅವನ ವಿಷಾದ, ಅವನು ಕತೆ ಮುಗಿಸುವ ಬಗೆ, ಇವುಗಳ ಬಗ್ಗೆ ಹೇಳುತ್ತಾರೆ. ಎಲ್ಲ ಸರಿಯೇ. ಆದರೆ ನನ್ನನ್ನು ಅವನ ಹತ್ತಿರ ಮತ್ತೆ ಮತ್ತೆ ಎಳೆದುಕೊಂಡು ಹೋಗುವುದು ಬೇರೆ ವಿಷಯ. ಯಾರೂ ಯಾರ ಮಾತನ್ನೂ ಕೇಳದ ಜನರ ಬಗ್ಗೆ ಇಷ್ಟೊಂದು ಬರೆದ ಈ ಮನುಷ್ಯ, ತಾನು ಮಾತ್ರ ಬದುಕಿಡೀ ಜನರ ಮಾತು ಕೇಳುತ್ತಾ ಕೂತಿದ್ದ. ಡಾಕ್ಟರಾಗಿ ಕೇಳಿದ, ಊರೂರು ಅಲೆದು ಕೇಳಿದ, ಮೈಯಲ್ಲಿ ಕ್ಷಯ ಇಟ್ಟುಕೊಂಡು ಭೂಮಿಯ ಆ ತುದಿಗೆ ಹೋಗಿ ಕೈದಿಗಳ ಎದುರು ಕೂತು ಕೇಳಿದ.

ಮೊದಲು 'ಸಂಕಟ' ಕತೆಯನ್ನು ಹೇಳಿಬಿಡುತ್ತೇನೆ. 1886ರ ಜನವರಿಯಲ್ಲಿ ಪೀಟರ್ಸ್‌ಬರ್ಗ್‌ನ ಪತ್ರಿಕೆಯೊಂದರಲ್ಲಿ ಬಂದ ಸಣ್ಣ ಕತೆ. ಚೆಕಾವ್‌ಗೆ ಆಗ ಇನ್ನೂ 26 ತುಂಬುತ್ತಿತ್ತು. ಇಯೋನಾ ಪೊತಾಪೊವ್ ಅಂತ ಒಬ್ಬ ಬಾಡಿಗೆ ಗಾಡಿಯವನು. ಸಂಜೆಗತ್ತಲು, ಹಿಮ ಬೀಳುತ್ತಿದೆ. ಅವನೂ ಅವನ ಹೆಣ್ಣುಕುದುರೆಯೂ ಮೈಮೇಲೆ ಹಿಮ ಕೂತು ಬೆಳ್ಳಗೆ ಆಗಿದ್ದಾರೆ. ಅವನ ಮಗ ಅದೇ ವಾರ ಜ್ವರ ಬಂದು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಾನೆ. ಗಾಡಿ ಹತ್ತಿದ ಮಿಲಿಟರಿ ಅಧಿಕಾರಿಗೆ ಹೇಳಲು ನೋಡುತ್ತಾನೆ. ಅವನು ಒಂದು ಪ್ರಶ್ನೆ ಕೇಳಿ ಕಣ್ಣು ಮುಚ್ಚಿಕೊಳ್ಳುತ್ತಾನೆ. ಆಮೇಲೆ ಮೂವರು ಪಡ್ಡೆ ಹುಡುಗರು ಹತ್ತುತ್ತಾರೆ. ಮಗ ಸತ್ತುಹೋದ ಅಂದರೆ, "ಎಲ್ಲರೂ ಸಾಯೋದೇ, ಗಾಡಿ ಓಡಿಸು" ಅನ್ನುವ ಉತ್ತರ. ಮನೆ ಕಾಯುವವನೊಬ್ಬನ ಹತ್ತಿರ ಮಾತು ತೆಗೆದರೆ ಅವನು ಮುಂದೆ ಹೋಗು ಅಂತ ಗದರುತ್ತಾನೆ. ರಾತ್ರಿ ತಂಗುವ ಜಾಗದಲ್ಲಿ ಒಬ್ಬ ಹುಡುಗ ನೀರು ಕುಡಿಯಲು ಏಳುತ್ತಾನೆ. ಅವನಿಗೆ ಹೇಳಲು ಶುರುಮಾಡುವಷ್ಟರಲ್ಲಿ ಅವನು ಹೊದ್ದು ಮಲಗಿಬಿಟ್ಟಿದ್ದಾನೆ. ಕೊನೆಗೆ ಇಯೋನಾ ಲಾಯಕ್ಕೆ ಹೋಗಿ, ಹುಲ್ಲು ಮೇಯುತ್ತಿರುವ ಕುದುರೆಗೆ ಹೇಳಿಕೊಳ್ಳುತ್ತಾನೆ. ನಿನಗೊಂದು ಮರಿ ಇದ್ದು ಅದು ಸತ್ತುಹೋದರೆ ನಿನಗೆ ಸಂಕಟ ಆಗಲ್ವಾ ಅಂತ ಕೇಳುತ್ತಾನೆ.

ಈ ಕತೆಯ ಕೊನೆಯನ್ನು ಎಲ್ಲರೂ ನೆನಪಿಟ್ಟುಕೊಂಡಿರುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಅದಕ್ಕೂ ಸ್ವಲ್ಪ ಮುಂಚೆ ಬರುವ ನಾಲ್ಕೈದು ಸಾಲು. ಇಯೋನಾಗೆ ಬೇಕಿರುವುದು ಸುಮ್ನೆ "ಮಗ ಹೋದ" ಅಂತ ಹೇಳಿಬಿಡುವುದಲ್ಲ. ಅದನ್ನು ಸಾವಧಾನವಾಗಿ, ಕ್ರಮವಾಗಿ ಹೇಳಬೇಕು. ಮಗನಿಗೆ ಹೇಗೆ ಕಾಯಿಲೆ ಬಂತು, ಹೇಗೆ ಒದ್ದಾಡಿದ, ಸಾಯುವ ಮುಂಚೆ ಏನಂದ, ಹೇಗೆ ಸತ್ತ. ಮಣ್ಣು ಮಾಡಿದ್ದನ್ನು ಹೇಳಬೇಕು. ಸತ್ತವನ ಬಟ್ಟೆ ತರಲು ಆಸ್ಪತ್ರೆಗೆ ಹೋದದ್ದನ್ನು ಹೇಳಬೇಕು. ಊರಲ್ಲಿ ಉಳಿದಿರುವ ಮಗಳು ಅನೀಸ್ಯಾ ಬಗ್ಗೆಯೂ ಹೇಳಬೇಕು. ಕೇಳುವವರು ನಿಟ್ಟುಸಿರು ಬಿಡಬೇಕು, ಅಯ್ಯೋ ಅನ್ನಬೇಕು. ಬಟ್ಟೆ ತರಲು ಹೋದದ್ದು ಅನ್ನುವ ಆ ಒಂದು ವಿವರ ಸಾವು ಕಂಡ ಮನೆಯನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಹೊಳೆಯುವಂಥದ್ದು.

ನಮ್ಮ ತಂದೆ ಹೋದಾಗ ಮನೆಗೆ ಜನ ಬರುತ್ತಲೇ ಇದ್ದರು. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು. "ಪುಣ್ಯಾತ್ಮ, ನರಳದೆ ಹೋದರು" ಅಂದರು, "ಎಲ್ಲಾ ದೇವರಿಚ್ಛೆ" ಅಂದರು, ತಮ್ಮ ಮನೆಯ ಸಾವುಗಳ ಕತೆ ಹೇಳಿದರು, ಕಾಫಿ ಕುಡಿದು ಹೋದರು. ಅಮ್ಮ ತಲೆ ಆಡಿಸುತ್ತಾ ಕೂತಿದ್ದಳು. ಎದುರು ಮನೆಯ ಅಜ್ಜಿಯೊಬ್ಬರು ಮಾತ್ರ ಬಂದು ಅಮ್ಮನ ಪಕ್ಕ ನೆಲದ ಮೇಲೆ ಕೂತು, "ಏನಾಯ್ತು ಹೇಳಮ್ಮಾ, ಮೊದಲಿಂದ ಹೇಳು" ಅಂದರು. ಅಮ್ಮ ಹೇಳಿದಳು. ಬೆಳಗ್ಗೆ ತಿಂಡಿ ಬೇಡ ಅಂದದ್ದು, ಚಪ್ಪಲಿ ಹುಡುಕಿದ್ದು, ಆಟೋದಲ್ಲಿ ಹೋಗುವಾಗ ಕಿಟಕಿ ಕಡೆಗೆ ನೋಡಿದ್ದು, ಎಲ್ಲ. ಅಮ್ಮ ಅವತ್ತು ಮೊದಲ ಸಲ ಬಾಯಿಬಿಟ್ಟು ಅತ್ತಳು. ಚೆಕಾವ್‌ನ ಆ ಸಾಲುಗಳು ಎಷ್ಟು ನಿಜ ಅಂತ ನನಗೆ ತಿಳಿದದ್ದು ಆಗ.

ಇಷ್ಟು ಚಿಕ್ಕ ವಯಸ್ಸಿನವನಿಗೆ ಇದು ಎಲ್ಲಿಂದ ಬಂತು ಅಂತ ಹುಡುಕಿದರೆ ತಗನ್‌ರೋಗ್‌ಗೆ ಹೋಗಬೇಕು. ರಷ್ಯಾದ ದಕ್ಷಿಣದಲ್ಲಿ, ಅಜೋವ್ ಸಮುದ್ರದ ದಂಡೆಯ ಬಂದರು ಪಟ್ಟಣ. 1860ರ ಜನವರಿಯಲ್ಲಿ ಚೆಕಾವ್ ಅಲ್ಲಿ ಹುಟ್ಟಿದ. ತಾತ ಜೀತದಾಳು. ದುಡ್ಡು ಕೂಡಿಸಿ, ಜಮೀನ್ದಾರನಿಗೆ ಕೊಟ್ಟು, 1841ರಲ್ಲಿ ತನ್ನನ್ನೂ ತನ್ನ ಸಂಸಾರವನ್ನೂ ಬಿಡಿಸಿಕೊಂಡವನು. ಅಪ್ಪ ಪಾವೆಲ್‌ದು ಕಿರಾಣಿ ಅಂಗಡಿ. ದೈವಭಕ್ತಿ ಜಾಸ್ತಿ, ಕೈ ಎತ್ತುವುದೂ ಜಾಸ್ತಿ. ಮಕ್ಕಳು ಅಂಗಡಿಯಲ್ಲಿ ಕೂರಬೇಕು, ಚರ್ಚಿನಲ್ಲಿ ಹಾಡಬೇಕು, ತಪ್ಪಿದರೆ ಏಟು. ಅಪ್ಪನ ದರ್ಬಾರು, ಮನೆಯಲ್ಲಿನ ಸುಳ್ಳು ನಮ್ಮ ಬಾಲ್ಯವನ್ನು ಹಾಳುಮಾಡಿದವು ಅಂತ ಅವನು ಮುಂದೆ ಅಣ್ಣ ಅಲೆಕ್ಸಾಂಡರನಿಗೆ ಬರೆದ. ಅಣ್ಣನೂ ಹೆಂಡತಿಯ ಮೇಲೆ ಅದೇ ದರ್ಪ ತೋರಿಸುತ್ತಿದ್ದಾನೆ ಅಂತ ಗದರಿ ಬರೆದ ಕಾಗದ ಅದು.

1876ರಲ್ಲಿ ಅಪ್ಪ ದಿವಾಳಿಯಾದ. ಸಾಲಗಾರರಿಗೆ ಹೆದರಿ ರಾತ್ರೋರಾತ್ರಿ ಮಾಸ್ಕೋಗೆ ಓಡಿಹೋದ. ಸ್ವಲ್ಪ ದಿನಕ್ಕೆ ಮನೆಯವರೂ ಹೋದರು. 16 ವರ್ಷದ ಆಂಟನ್ ಓದು ಮುಗಿಸಲು ಒಬ್ಬನೇ ಊರಲ್ಲಿ ಉಳಿದ, ಮೂರು ವರ್ಷ. ಅವರದ್ದೇ ಮನೆ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಆ ಮನೆಯಲ್ಲೇ ಒಂದು ಮೂಲೆಯಲ್ಲಿದ್ದುಕೊಂಡು, ಹೊಸ ಯಜಮಾನನ ಸೋದರಳಿಯನಿಗೆ ಪಾಠ ಹೇಳಿಕೊಡುತ್ತಿದ್ದ. ಪಾತ್ರೆ ಪಗಡ ಮಾರಿದ, ಹಕ್ಕಿ ಹಿಡಿದು ಮಾರಿದ, ಬಂದ ದುಡ್ಡನ್ನು ಮಾಸ್ಕೋಗೆ ಕಳಿಸಿದ. ಬೇರೆಯವರ ಮನೆಯ ಮೂಲೆಯಲ್ಲಿ ಬೆಳೆದ ಹುಡುಗ ಬಾಯಿಗಿಂತ ಕಿವಿಯನ್ನು ಜಾಸ್ತಿ ಬಳಸುವುದನ್ನು ಕಲಿಯುತ್ತಾನೆ ಅಂತ ನನ್ನ ಊಹೆ.

1879ರಲ್ಲಿ ಮಾಸ್ಕೋಗೆ ಬಂದು ಮೆಡಿಕಲ್ ಓದಲು ಸೇರಿದ. ಮನೆ ನಡೆಸಲು ದುಡ್ಡು ಬೇಕು. ನಗೆ ಪತ್ರಿಕೆಗಳಿಗೆ ಬರೆಯತೊಡಗಿದ, ಅಂತೋಶಾ ಚೆಖೊಂತೆ ಅನ್ನುವ ಸುಳ್ಳು ಹೆಸರಿನಲ್ಲಿ. 'ಅಸ್ಕೋಲ್ಕಿ' ಪತ್ರಿಕೆಯ ಸಂಪಾದಕ ಲೈಕಿನ್ ಸಾಲಿಗೆ 8 ಕೊಪೆಕ್ (ರಷ್ಯಾದ ಪೈಸೆ) ಕೊಡುತ್ತಿದ್ದ, 100 ಸಾಲು ದಾಟುವ ಹಾಗಿಲ್ಲ. ಆ ಕಾಲದ ಬರಹದಲ್ಲಿ ಎಷ್ಟೋ ಇವತ್ತು ಓದಬೇಕಾದ್ದೇನಿಲ್ಲ. ಆದರೆ 'ಗುಮಾಸ್ತನ ಸಾವು', 'ಗೋಸುಂಬೆ' ಇವೂ ಆಗಲೇ ಬಂದವು. 1884ರಲ್ಲಿ ಡಾಕ್ಟರಾದ. ಅದೇ ವರ್ಷದ ಕೊನೆಗೆ ಮೊದಲ ಸಲ ಕೆಮ್ಮಿನಲ್ಲಿ ರಕ್ತ ಬಂತು. 1886ರಲ್ಲಿ ಗ್ರಿಗೊರೊವಿಚ್ ಅನ್ನುವ ಹಿರಿಯ ಲೇಖಕ ತಾನಾಗಿಯೇ ಪತ್ರ ಬರೆದು, ನಿನ್ನಲ್ಲಿ ನಿಜವಾದ ಪ್ರತಿಭೆ ಇದೆ, ಅವಸರದಲ್ಲಿ ಬರೆದು ಹಾಳುಮಾಡಿಕೊಳ್ಳಬೇಡ ಅಂದ. ಯಾವ ಕತೆಗೂ ಒಂದು ದಿನಕ್ಕಿಂತ ಜಾಸ್ತಿ ಕೂತ ನೆನಪಿಲ್ಲ ಅಂತ ಚೆಕಾವ್ ಅವನಿಗೆ ಉತ್ತರ ಬರೆದ. ಅಲ್ಲಿಂದ ಮುಂದೆ ಅವನ ಹೆಜ್ಜೆ ನಿಧಾನವಾಯಿತು. 1888ರಲ್ಲಿ 'ಹುಲ್ಲುಗಾವಲು' ಬಂತು, ಅದೇ ವರ್ಷ ಪುಷ್ಕಿನ್ ಪ್ರಶಸ್ತಿಯೂ ಬಂತು.

ಹೀಗೆ ಹೆಸರು ಬಂದು, ಮನೆಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ, 1890ರ ಏಪ್ರಿಲ್‌ನಲ್ಲಿ ಅವನು ಸಖಾಲಿನ್ ಅನ್ನುವ ಕೈದಿಗಳ ದ್ವೀಪಕ್ಕೆ ಹೊರಟ. ಯಾಕೆ ಅಂತ ಯಾರಿಗೂ ಅರ್ಥವಾಗಲಿಲ್ಲ. ಹಿಂದಿನ ವರ್ಷ ಅಣ್ಣ ನಿಕೊಲಾಯ್ ಕ್ಷಯದಿಂದ ಸತ್ತಿದ್ದ, ಅದರ ದುಃಖವೂ ಇದ್ದಿರಬಹುದು. ಆದರೆ ಪ್ರಕಾಶಕ ಗೆಳೆಯ ಸುವೋರಿನ್‌ಗೆ ಬರೆದ ಪತ್ರದಲ್ಲಿ ಕಾರಣ ಸ್ಪಷ್ಟವಾಗಿದೆ. ನಾವು ಲಕ್ಷಾಂತರ ಜನರನ್ನು ಜೈಲುಗಳಲ್ಲಿ ಕೊಳೆಯಲು ಬಿಟ್ಟಿದ್ದೇವೆ, ಚಳಿಯಲ್ಲಿ ಸಂಕೋಲೆ ಹಾಕಿ ಸಾವಿರಾರು ಮೈಲಿ ಓಡಿಸಿದ್ದೇವೆ, ಇದಕ್ಕೆಲ್ಲ ಜೈಲರುಗಳಲ್ಲ, ನಾವೆಲ್ಲರೂ ಹೊಣೆ ಅನ್ನುವ ಅರ್ಥದ ಮಾತು ಅದರಲ್ಲಿದೆ.

ಸಖಾಲಿನ್ ಇರುವುದು ರಷ್ಯಾದ ಪೂರ್ವದ ತುತ್ತತುದಿಯಲ್ಲಿ, ಜಪಾನಿನ ಮೇಲ್ಗಡೆ. ಆಗ ಅದು ನಮ್ಮ ಅಂಡಮಾನಿನ ಹಾಗೆ ಕೈದಿಗಳನ್ನು ಸಾಗಹಾಕುತ್ತಿದ್ದ ದ್ವೀಪ. ಸೈಬೀರಿಯಾ ದಾಟಲು ಆಗ ರೈಲು ಇರಲಿಲ್ಲ. ನದಿಯಲ್ಲಿ ದೋಣಿ, ದಡದಲ್ಲಿ ಕುದುರೆ ಗಾಡಿ, ಕೆಸರು, ನೆರೆ, ಚಳಿ. ಏಪ್ರಿಲ್ 21ಕ್ಕೆ ಮಾಸ್ಕೋ ಬಿಟ್ಟವನು ತಲುಪಿದ್ದು ಜುಲೈ 11ಕ್ಕೆ. ದಾರಿಯಲ್ಲಿ ಆಮೂರ್ ನದಿಯ ಹಡಗಿನಲ್ಲಿ ಕಂಡ ಒಂದು ದೃಶ್ಯವನ್ನು ಅವನು ಪುಸ್ತಕದಲ್ಲಿ ಬರೆದಿದ್ದಾನೆ. ಹೆಂಡತಿಯನ್ನು ಕೊಂದ ಒಬ್ಬ ಕೈದಿ, ಕಾಲಿಗೆ ಸಂಕೋಲೆ. ಜೊತೆಗೆ ಅವನ ಆರು ವರ್ಷದ ಮಗಳು. ಅವನು ಪಾಯಖಾನೆಗೆ ಹೋದರೆ ಹಿಂದೆ ಬಂದೂಕಿನ ಸಿಪಾಯಿ, ಅವನ ಹಿಂದೆ ಈ ಮಗು. ಒಳಗಿರುವಷ್ಟು ಹೊತ್ತು ಸಿಪಾಯಿಯೂ ಮಗುವೂ ಬಾಗಿಲ ಹತ್ತಿರ ನಿಂತಿರುತ್ತಾರೆ. ಅಪ್ಪ ವಾಪಸ್ ಏಣಿ ಹತ್ತುವಾಗ ಮಗು ಅವನ ಸಂಕೋಲೆ ಹಿಡಿದುಕೊಂಡು ಹಿಂದೆ ಹತ್ತುತ್ತದೆ. ರಾತ್ರಿ ಕೈದಿಗಳು, ಸಿಪಾಯಿಗಳ ರಾಶಿಯಲ್ಲೇ ಅದೂ ಮಲಗುತ್ತದೆ. ಚೆಕಾವ್ ಇದನ್ನು ಹೇಳಿ ಮುಂದೆ ಹೋಗಿಬಿಡುತ್ತಾನೆ. ಒಂದು ಉದ್ಗಾರ ಇಲ್ಲ.

ದ್ವೀಪದಲ್ಲಿ ಅವನು ಮಾಡಿದ ಕೆಲಸ ಜನಗಣತಿ. ಯಾರೂ ಹೇಳಿರಲಿಲ್ಲ, ಯಾರೂ ದುಡ್ಡು ಕೊಡುತ್ತಿರಲಿಲ್ಲ. ಅಲ್ಲಿನ ಪೊಲೀಸ್ ಇಲಾಖೆಯ ಮುದ್ರಣಾಲಯದಲ್ಲಿ ಕಾರ್ಡುಗಳನ್ನು ಅಚ್ಚು ಹಾಕಿಸಿಕೊಂಡ. ಮನೆ ನಂಬರು, ಹೆಸರು, ವಯಸ್ಸು, ಧರ್ಮ, ಹುಟ್ಟಿದ ಊರು, ಇಲ್ಲಿಗೆ ಬಂದ ವರ್ಷ, ಕಸುಬು, ಓದು ಬರಹ, ಮದುವೆ ಆಗಿದೆಯೋ ಇಲ್ಲವೋ, ಕಾಯಿಲೆ ಏನು. ಬೆಳಗ್ಗೆ ಐದಕ್ಕೆ ಎದ್ದು ಒಂದೊಂದು ಗುಡಿಸಲಿಗೂ ಹೋಗಿ ತಾನೇ ಕೇಳಿ ಬರೆದುಕೊಂಡ. ಮೂರು ತಿಂಗಳಲ್ಲಿ ಸುಮಾರು 10,000 ಕಾರ್ಡು. ರಾಜಕೀಯ ಕೈದಿಗಳ ಜೊತೆ ಮಾತಾಡಲು ಅವನಿಗೆ ಅನುಮತಿ ಇರಲಿಲ್ಲ. ಉಳಿದಂತೆ, ನನ್ನ ಜೊತೆ ಮಾತಾಡದ ಒಬ್ಬ ಕೈದಿಯೂ ಸಖಾಲಿನ್‌ನಲ್ಲಿ ಇಲ್ಲ ಅಂತ ಅವನು ಅಲ್ಲಿಂದಲೇ ಸುವೋರಿನ್‌ಗೆ ಬರೆದ. ಅಂಕಿಸಂಖ್ಯೆ ತನಗೆ ಅಷ್ಟು ಮುಖ್ಯವಲ್ಲ ಅಂತಲೂ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾನೆ. ಅವನಿಗೆ ಬೇಕಿದ್ದುದು ಪ್ರತಿ ಬಾಗಿಲಲ್ಲೂ ನಿಲ್ಲಲು ಒಂದು ನೆಪ.

ಒಂದು ಗುಡಿಸಲಿನಲ್ಲಿ ದೊಡ್ಡವರು ಯಾರೂ ಇಲ್ಲ. ಹತ್ತು ವರ್ಷದ ಬರಿಗಾಲಿನ ಹುಡುಗನೊಬ್ಬ ಇದ್ದಾನೆ. ಅವರಿಬ್ಬರ ಮಾತು ಹೀಗೆ ಸಾಗುತ್ತದೆ. ನಿಮ್ಮಪ್ಪನ ಹೆಸರೇನು? ಗೊತ್ತಿಲ್ಲ. ಅಪ್ಪನ ಜೊತೆ ಇದ್ದೀಯ, ಹೆಸರು ಗೊತ್ತಿಲ್ವಾ? ಅವನು ನನ್ನ ನಿಜವಾದ ಅಪ್ಪ ಅಲ್ಲ, ಅಮ್ಮನ ಜೊತೆ ಇರುವವನು. ಅಮ್ಮನಿಗೆ ಗಂಡ ಇದ್ದಾನಾ, ವಿಧವೆಯಾ? ವಿಧವೆ, ಗಂಡನ ಕಾರಣಕ್ಕೆ ಇಲ್ಲಿಗೆ ಬಂದಳು. ಗಂಡನ ಕಾರಣಕ್ಕೆ ಅಂದರೆ? ಕೊಂದಳು.

ಇಡೀ ಪುಸ್ತಕದಲ್ಲಿ ನಾನು ಪುಟ ಮಡಚಿಟ್ಟಿರುವ ಜಾಗ ಇದು. ಕೇಳುವವನು ಹೆಸರು ಬರೆದುಕೊಳ್ಳಲು ಬಂದವನು. ಹುಡುಗ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಾನೆ, ಅಷ್ಟೇ. ಅವನಿಗೆ ಅದು ದೊಡ್ಡ ವಿಷಯವೇ ಅಲ್ಲ. ಆ ದ್ವೀಪ ಮಕ್ಕಳಿಗೆ ಏನು ಮಾಡಿದೆ ಅನ್ನುವುದು ಇಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ಅದೇ ದ್ವೀಪದಲ್ಲಿ ಒಬ್ಬ ಕೈದಿಗೆ 90 ಚಾಟಿ ಏಟು ಹೊಡೆಯುವುದನ್ನು ಅವನು ನಿಂತು ನೋಡಿದ. ಆಮೇಲೆ ಮೂರು ನಾಲ್ಕು ರಾತ್ರಿ ಆ ಚಾಟಿ ಬೀಸುವವನೇ ಕನಸಿನಲ್ಲಿ ಬಂದ ಅಂತ ಬರೆದಿದ್ದಾನೆ. 'ಸಖಾಲಿನ್ ದ್ವೀಪ' ಅವನ ಅತ್ಯಂತ ಕಡಿಮೆ ಓದಿಸಿಕೊಂಡ ಪುಸ್ತಕ. ಕಷ್ಟಪಟ್ಟು ಓದಬೇಕು, ನಿಜ. ಕೋಷ್ಟಕಗಳಿವೆ, ಹವಾಮಾನದ ವಿವರಗಳಿವೆ. ಆದರೂ ಅವನ ಯಾವ ನಾಟಕಕ್ಕೂ ಇದನ್ನು ನಾನು ಬಿಟ್ಟುಕೊಡಲಾರೆ.

ವಾಪಸ್ ಬರುವಾಗ ಹಡಗಿನಲ್ಲಿ ಬಂದ. ಹಾಂಗ್‌ಕಾಂಗ್, ಸಿಂಗಾಪುರ, ಆಮೇಲೆ ನಮ್ಮ ಪಕ್ಕದ ಸಿಲೋನ್. ಕೊಲಂಬೊ ನೋಡಿದ, ರೈಲಿನಲ್ಲಿ ಕ್ಯಾಂಡಿಗೂ ಹೋಗಿಬಂದ, ಇದೇ ಸ್ವರ್ಗ ಅಂದ, ಮುಂಗುಸಿಗಳನ್ನು ಕೊಂಡುಕೊಂಡು ಮಾಸ್ಕೋ ಮನೆಗೆ ತಂದ. ಸಿಂಗಾಪುರಕ್ಕೆ ಬರುವ ದಾರಿಯಲ್ಲಿ ಸತ್ತ ಇಬ್ಬರನ್ನು ಬಟ್ಟೆಯಲ್ಲಿ ಹೊಲಿದು ಸಮುದ್ರಕ್ಕೆ ಇಳಿಬಿಟ್ಟಿದ್ದನ್ನೂ ನೋಡಿದ್ದ. 'ಗುಸೆವ್' ಕತೆ ಹುಟ್ಟಿದ್ದು ಅಲ್ಲಿ. ಪೂರ್ವದ ನೌಕರಿ ಮುಗಿಸಿ ಕ್ಷಯ ಹತ್ತಿಸಿಕೊಂಡು ಊರಿಗೆ ಮರಳುತ್ತಿರುವ ಒಬ್ಬ ಸಿಪಾಯಿ, ಅವನ ಪಕ್ಕದಲ್ಲಿ ಸಿಟ್ಟಿನ ಮಾತುಗಾರ ಪಾವೆಲ್ ಇವಾನಿಚ್. ಇವನು ಅನ್ಯಾಯದ ಬಗ್ಗೆ ಭಾಷಣ ಮಾಡುತ್ತಾನೆ, ಅವನು ತನ್ನ ಹಳ್ಳಿಯ ಹಿಮವನ್ನು ನೆನೆಯುತ್ತಿರುತ್ತಾನೆ. ಇಬ್ಬರೂ ಸಾಯುತ್ತಾರೆ, ಇಬ್ಬರ ಮಾತೂ ಒಂದನ್ನೊಂದು ಮುಟ್ಟದೆಯೇ.

1892ರಲ್ಲಿ ಮಾಸ್ಕೋದ ದಕ್ಷಿಣಕ್ಕಿರುವ ಮೆಲಿಖೋವೊದಲ್ಲಿ ಜಮೀನು ಮನೆ ಕೊಂಡ. ಜೀತದಾಳಿನ ಮೊಮ್ಮಗ ಈಗ ಜಮೀನಿನ ಒಡೆಯ. ಆ ಬೇಸಿಗೆಯಲ್ಲೇ ಕಾಲರಾ ಬಂತು. ಸ್ಥಳೀಯ ಮಂಡಳಿ ಅವನಿಗೆ 25 ಹಳ್ಳಿ, ನಾಲ್ಕು ಕಾರ್ಖಾನೆ, ಒಂದು ಮಠದ ಹೊಣೆ ಒಪ್ಪಿಸಿತು. ಸಂಬಳ ಬೇಡ ಅಂದ. ಬೆಳಗಾದರೆ ಅಂಗಳದಲ್ಲಿ ರೈತರು ಸಾಲುಗಟ್ಟಿ ನಿಂತಿರುತ್ತಿದ್ದರು. ತಂಗಿ ಮಾಶಾ ಔಷಧಿ ಕೊಡಲು ನಿಲ್ಲುತ್ತಿದ್ದಳು. ಮುಂದೆ ಸುತ್ತಮುತ್ತ ಮೂರು ಶಾಲೆ ಕಟ್ಟಿಸಿದ. ಹುಟ್ಟೂರಿನ ಲೈಬ್ರರಿಗೆ ವರ್ಷಾನುಗಟ್ಟಲೆ ಪುಸ್ತಕ ಕಳಿಸುತ್ತಲೇ ಇದ್ದ.

ಅದೇ 1892ರಲ್ಲಿ ಬಂದದ್ದು 'ವಾರ್ಡ್ ನಂಬರ್ 6'. ರೈಲು ಕೂಡ ಹತ್ತಿರ ಇಲ್ಲದ ಊರಿನ ಆಸ್ಪತ್ರೆ. ಹಿಂದುಗಡೆ ಹುಚ್ಚರ ಕೊಠಡಿ, ಕಾವಲಿಗೆ ನಿಕಿತಾ, ಅವನ ಮುಷ್ಟಿಯೇ ಅಲ್ಲಿ ಕಾನೂನು. ಡಾಕ್ಟರ್ ರಾಗಿನ್ ಒಳ್ಳೆಯವನು, ಓದಿಕೊಂಡವನು. ಆದರೆ ಎಲ್ಲರೂ ಹೇಗಿದ್ದರೂ ಸಾಯುವವರು ತಾನೇ ಅಂತ ಹೇಳಿಕೊಂಡು ಕೆಲಸದಿಂದ ಕೈಬಿಟ್ಟಿದ್ದಾನೆ. ಒಂದು ದಿನ ಆ ಕೊಠಡಿಯಲ್ಲಿ ಗ್ರೋಮೊವ್ ಅನ್ನುವ ರೋಗಿಯ ಜೊತೆ ಮಾತಿಗೆ ಕೂರುತ್ತಾನೆ. ಇಡೀ ಊರಲ್ಲಿ ಮಾತಾಡಲು ಯೋಗ್ಯ ಮನುಷ್ಯ ಇವನೊಬ್ಬನೇ ಅನ್ನಿಸುತ್ತದೆ. ದಿನಾ ಹೋಗತೊಡಗುತ್ತಾನೆ. ಊರವರು ಡಾಕ್ಟರಿಗೇ ಹುಚ್ಚು ಅನ್ನುತ್ತಾರೆ. ಕೊನೆಗೆ ಅವನನ್ನೂ ಅದೇ ಕೊಠಡಿಗೆ ತಳ್ಳಿ ಬಾಗಿಲು ಹಾಕುತ್ತಾರೆ. ನೋವು ಅನ್ನುವುದು ಬರೀ ಮನಸ್ಸಿನ ಭಾವನೆ ಅಂತ ಗ್ರೋಮೊವ್‌ಗೆ ಉಪದೇಶ ಮಾಡುತ್ತಿದ್ದವನು ನಿಕಿತಾನ ಏಟು ಬಿದ್ದಾಗ, ಇವರೆಲ್ಲ ವರ್ಷಗಟ್ಟಲೆ ಇದೇ ನೋವನ್ನು ತಿಂದಿದ್ದಾರೆ ಅಂತ ತಿಳಿಯುತ್ತಾನೆ. ಇಪ್ಪತ್ತು ವರ್ಷ ಅದು ನನಗೆ ಹೇಗೆ ಗೊತ್ತಾಗದೇ ಹೋಯಿತು ಅನ್ನುವ ಪ್ರಶ್ನೆ ಅವನನ್ನು ಕಚ್ಚುತ್ತದೆ. ಮರುದಿನ ಸಾಯುತ್ತಾನೆ. ಸಖಾಲಿನ್ ನೋಡಿ ಬರದಿದ್ದರೆ ಚೆಕಾವ್ ಇದನ್ನು ಹೀಗೆ ಬರೆಯುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಡಾಕ್ಟರ ಕತೆ ಅಂದಾಗ 1887ರ 'ಶತ್ರುಗಳು' ಕೂಡ ಹೇಳಲೇಬೇಕು. ಡಾಕ್ಟರ್ ಕಿರಿಲೊವ್‌ನ ಒಬ್ಬನೇ ಮಗ, ಆರು ವರ್ಷದವನು, ಈಗಷ್ಟೇ ಗಂಟಲಮಾರಿಯಿಂದ ಸತ್ತಿದ್ದಾನೆ. ಬಾಗಿಲ ಗಂಟೆ ಬಾರಿಸುತ್ತದೆ. ಕಾರ್ಬಾಲಿಕ್ ಆಸಿಡ್ ತಾಗಿ ಸುಟ್ಟ ಕೈಯನ್ನೂ ಒರೆಸಿಕೊಳ್ಳದೆ ಡಾಕ್ಟರು ಬಾಗಿಲು ತೆಗೆಯುತ್ತಾನೆ. ಶ್ರೀಮಂತ ಅಬೋಗಿನ್, ಹೆಂಡತಿ ಸಾಯುತ್ತಿದ್ದಾಳೆ ಬನ್ನಿ ಅಂತ ಗೋಗರೆಯುತ್ತಾನೆ. ಹೆಣದ ಮುಂದೆ ಹೆಂಡತಿಯೊಬ್ಬಳನ್ನೇ ಬಿಟ್ಟು ಡಾಕ್ಟರು ಹೋಗುತ್ತಾನೆ. ಹೋಗಿ ನೋಡಿದರೆ ಕಾಯಿಲೆ ನಾಟಕ. ಅವಳು ಪ್ರಿಯಕರನ ಜೊತೆ ಓಡಿಹೋಗಿದ್ದಾಳೆ. ಅಬೋಗಿನ್ ತನ್ನ ಮೋಸದ ಕತೆ ಹೇಳಿಕೊಂಡು ಅಳುತ್ತಾನೆ, ಡಾಕ್ಟರು ಕೆರಳುತ್ತಾನೆ. ಇಬ್ಬರದ್ದೂ ನಿಜವಾದ ನೋವು. ಇಬ್ಬರೂ ಒಬ್ಬರನ್ನೊಬ್ಬರು ಹರಿದು ತಿನ್ನುವ ಹಾಗೆ ಬೈದುಕೊಳ್ಳುತ್ತಾರೆ. ದುಃಖ ಜನರನ್ನು ಹತ್ತಿರ ತರುತ್ತೆ ಅಂತ ನಾವು ನಂಬಿದ್ದೇವೆ. ದೂರವೂ ಮಾಡುತ್ತದೆ ಅಂತ ಈ ಕತೆ ಹೇಳುತ್ತದೆ. ಇಲ್ಲಿ ಮಾತ್ರ ಚೆಕಾವ್ ತಾನೇ ಬಾಯಿಬಿಟ್ಟು ಹೇಳಿಬಿಟ್ಟಿದ್ದಾನೆ. ಐದು ವರ್ಷ ಕಳೆದಿದ್ದರೆ ಆ ಸಾಲುಗಳನ್ನು ಅವನೇ ಹೊಡೆದುಹಾಕುತ್ತಿದ್ದ ಅನ್ನಿಸುತ್ತದೆ.

ಯಾಕೆಂದರೆ ತೀರ್ಪು ಹೇಳುವುದು ಅವನಿಗೆ ಆಗದ ಮಾತು. ಅವನಿಗೆ ಆದರ್ಶವೇ ಇಲ್ಲ, ಕಣ್ಣಿಗೆ ಬಿದ್ದದ್ದನ್ನು ತಣ್ಣಗೆ ಬರೆಯುತ್ತಾನೆ ಅಂತ ಆಗಿನ ವಿಮರ್ಶಕರು ದೂರಿದರು. ಸುವೋರಿನ್‌ಗೂ ಅದೇ ತಕರಾರು ಇತ್ತು. ಚೆಕಾವ್ ಕೊಟ್ಟ ಉತ್ತರ ಸರಳ: ಕುದುರೆ ಕಳ್ಳರ ಬಗ್ಗೆ ಬರೆದರೆ ಕಳ್ಳತನ ಕೆಟ್ಟದ್ದು ಅಂತ ನಾನು ಹೇಳಬೇಕು ಅಂತೀರಿ, ಅದು ನಾನು ಹೇಳದೆಯೂ ಎಲ್ಲರಿಗೂ ಗೊತ್ತಿರುವುದೇ. ಇನ್ನೊಂದು ಪತ್ರದಲ್ಲಿ, ಸಮಸ್ಯೆಯನ್ನು ಬಿಡಿಸುವುದು ಬೇರೆ, ಸರಿಯಾಗಿ ಮುಂದಿಡುವುದು ಬೇರೆ, ಲೇಖಕನ ಕೆಲಸ ಎರಡನೆಯದು ಮಾತ್ರ ಅಂದ. ತಣ್ಣಗಿನ ಮನುಷ್ಯ ಅಂತ ಅವನನ್ನು ಕರೆದವರಿಗೆ ಕಾಲರಾ ಹಳ್ಳಿಗಳ ಕೆಸರು ದಾರಿ ಗೊತ್ತಿರಲಿಲ್ಲ. ಲೇಖಕ ಗೋರ್ಕಿಗೆ ರಷ್ಯಾದ ಅಕಾಡೆಮಿ ಕೊಟ್ಟ ಸದಸ್ಯತ್ವವನ್ನು ಸರ್ಕಾರ 1902ರಲ್ಲಿ ರದ್ದುಮಾಡಿದಾಗ, ಇನ್ನೊಬ್ಬ ಲೇಖಕ ಕೊರೊಲೆಂಕೊ ಜೊತೆ ಸೇರಿ ತನ್ನ ಸದಸ್ಯತ್ವವನ್ನೂ ಬಿಸಾಕಿದವನು ಇವನೇ.

ನಾಟಕಗಳ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. 'ಕಡಲಹಕ್ಕಿ' 1896ರ ಅಕ್ಟೋಬರ್‌ನಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಮೊದಲ ಸಲ ಆಡಿದಾಗ ಮಣ್ಣುಮುಕ್ಕಿತು. ಆವತ್ತಿನ ಪ್ರದರ್ಶನ ಒಬ್ಬ ಹಾಸ್ಯನಟಿಯ ಸನ್ಮಾನಕ್ಕೆ ಇಟ್ಟದ್ದು, ನಗಲೆಂದೇ ಬಂದ ಜನ ನಗಬಾರದ ಕಡೆ ನಕ್ಕರು. ಚೆಕಾವ್ ರಾತ್ರಿ ಬೀದಿ ಬೀದಿ ಅಲೆದು ಮರುದಿನ ರೈಲು ಹತ್ತಿದ. ಎರಡು ವರ್ಷದ ನಂತರ ಸ್ಟಾನಿಸ್ಲಾವ್‌ಸ್ಕಿ ಮತ್ತು ನೆಮಿರೊವಿಚ್ ದಾನ್ಚೆಂಕೊ ಅವರ ಮಾಸ್ಕೋ ಆರ್ಟ್ ಥಿಯೇಟರ್ ಅದೇ ನಾಟಕ ಆಡಿ ಗೆಲ್ಲಿಸಿತು. ಆ ಕಂಪನಿಯ ನಟಿ ಓಲ್ಗಾ ಕ್ನಿಪ್ಪರ್‌ಳನ್ನು ಅವನು 1901ರಲ್ಲಿ ಮದುವೆಯಾದ. ಅವಳು ನಾಟಕಕ್ಕಾಗಿ ಮಾಸ್ಕೋದಲ್ಲಿ, ಅವನು ಕ್ಷಯದ ಕಾರಣಕ್ಕೆ ಕಪ್ಪು ಸಮುದ್ರದ ದಂಡೆಯ ಯಾಲ್ಟಾದಲ್ಲಿ. ಸಂಸಾರ ನಡೆದದ್ದೆಲ್ಲ ಹೆಚ್ಚಾಗಿ ಕಾಗದಗಳಲ್ಲಿ.

'ಚೆರಿ ತೋಟ'ದ ಕೊನೆಯ ಅಂಕವನ್ನು ಮಾತ್ರ ಹತ್ತಿರದಿಂದ ನೋಡಬೇಕು. ತೋಟ ಹರಾಜಾಗಿದೆ, ಮನೆಯವರು ಹೊರಟಿದ್ದಾರೆ. 87 ವರ್ಷದ ಹಳೇ ಆಳು ಫೀರ್ಸ್‌ಗೆ ಹುಷಾರಿಲ್ಲ. ಇವನಿಗೂ ಕಿವಿ ಮಂದ. ಫೀರ್ಸ್‌ನನ್ನು ಆಸ್ಪತ್ರೆಗೆ ಕಳಿಸಿದ್ದಾಯ್ತಾ ಅಂತ ಮನೆಯೊಡತಿಯ ಮಗಳು ಆನ್ಯಾ ಕೇಳುತ್ತಾಳೆ. ಬೆಳಗ್ಗೆ ಹೇಳಿದ್ದೆ, ಕಳಿಸಿರಬೇಕು ಅಂತ ಆಳು ಯಾಶಾ ಅನ್ನುತ್ತಾನೆ. ಆನ್ಯಾ ಇನ್ನೊಬ್ಬನಿಗೆ ವಿಚಾರಿಸಲು ಹೇಳಿದರೆ ಯಾಶಾಗೆ ಕೋಪ, ಹತ್ತು ಸಲ ಯಾಕೆ ಕೇಳಬೇಕು ಅಂತ. ಬಾಗಿಲ ಆಚೆಯಿಂದ ಸಾಕುಮಗಳು ವಾರ್ಯಾ ಕೂಗಿ ಕೇಳುತ್ತಾಳೆ, ಕಳಿಸಿದ್ದಾಯ್ತು ಅನ್ನುವ ಉತ್ತರ ಬರುತ್ತದೆ. ಹಾಗಾದರೆ ಡಾಕ್ಟರಿಗೆ ಬರೆದ ಕಾಗದ ಯಾಕೆ ಇಲ್ಲೇ ಇದೆ? ಹಿಂದೆಯೇ ಕಳಿಸಿದರಾಯ್ತು ಬಿಡು. ಎಲ್ಲರಿಗೂ ಕಾಳಜಿ ಇದೆ. ಎಲ್ಲರೂ ಕೇಳುತ್ತಾರೆ. ಅವನ ಕೋಣೆಗೆ ಹೋಗಿ ಇಣುಕಿ ನೋಡುವವರು ಒಬ್ಬರೂ ಇಲ್ಲ. ಮನೆಗೆ ಬೀಗ ಹಾಕಿಕೊಂಡು ಹೋಗುತ್ತಾರೆ, ಫೀರ್ಸ್ ಒಳಗೇ ಉಳಿಯುತ್ತಾನೆ. ಕೆಟ್ಟವರು ಯಾರೂ ಇಲ್ಲದೆ ಇಷ್ಟು ದೊಡ್ಡ ಅನ್ಯಾಯ ಹೇಗೆ ನಡೆಯುತ್ತದೆ ಅಂತ ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ನಾಟಕ ನಾನು ಓದಿಲ್ಲ. ಇದನ್ನು ಚೆಕಾವ್ ಕಾಮಿಡಿ ಅಂತ ಕರೆದ, ಸ್ಟಾನಿಸ್ಲಾವ್‌ಸ್ಕಿ ದುರಂತ ಅಂತ ಹಟ ಹಿಡಿದ. ನಾನು ಚೆಕಾವ್ ಪಕ್ಷ. ಪಾತ್ರಗಳ ಜೊತೆ ಸೇರಿ ನಾವೂ ಅಳುತ್ತಾ ಕೂತರೆ ಫೀರ್ಸ್ ನಮ್ಮ ಕಣ್ಣಿಂದಲೂ ತಪ್ಪಿಹೋಗುತ್ತಾನೆ.

ಆ ನಾಟಕ 1904ರ ಜನವರಿಯಲ್ಲಿ ರಂಗಕ್ಕೆ ಬಂದಾಗ ಅವನನ್ನು ವೇದಿಕೆಗೆ ಕರೆದು ಸನ್ಮಾನ ಮಾಡಿದರು. ನಿಲ್ಲಲು ತ್ರಾಣ ಇರಲಿಲ್ಲ, ಕೆಮ್ಮುತ್ತಿದ್ದ. ಜುಲೈನಲ್ಲಿ ಜರ್ಮನಿಯ ಬಾಡೆನ್‌ವೈಲರ್ ಎಂಬಲ್ಲಿ ತೀರಿಕೊಂಡ. ವಯಸ್ಸು 44. ಸಾಯುವ ರಾತ್ರಿ ಡಾಕ್ಟರು ಶಾಂಪೇನ್ ತರಿಸಿದ್ದು, ಇವನು ಕುಡಿದು ಪಕ್ಕಕ್ಕೆ ತಿರುಗಿ ಮಲಗಿದ್ದು, ಹೆಣ ಮಾಸ್ಕೋಗೆ ಬಂದ ರೈಲು ಡಬ್ಬಿಯ ಮೇಲೆ ಕಡಲ ಸಿಂಪಿಗಳಿಗೆ (ಆಯ್ಸ್ಟರ್) ಅಂತ ಬರೆದಿದ್ದದ್ದು, ಇವೆಲ್ಲ ಬಹಳ ಸಲ ಹೇಳಿ ಸವೆದಿರುವ ಕತೆಗಳು. ನನಗೆ ಅವುಗಳಲ್ಲಿ ಆಸಕ್ತಿ ಕಡಿಮೆ.

ಅದಕ್ಕಿಂತ 'ವಿದ್ಯಾರ್ಥಿ' ಬಗ್ಗೆ ಮಾತಾಡೋಣ. 1894ರಲ್ಲಿ ಬರೆದ ಮೂರು ನಾಲ್ಕು ಪುಟದ ಕತೆ. ತಾನು ಬರೆದದ್ದರಲ್ಲಿ ಇದೇ ತನಗೆ ಇಷ್ಟ ಅಂತ ಚೆಕಾವ್ ಹತ್ತಿರದವರಿಗೆ ಹೇಳುತ್ತಿದ್ದನಂತೆ. ಗುಡ್ ಫ್ರೈಡೇ ಸಂಜೆ, ಚಳಿ, ಹಸಿವು. ಪಾದ್ರಿ ಆಗಲು ಓದುತ್ತಿರುವ ಇವಾನ್ ಮನೆಗೆ ಹೊರಟಿದ್ದಾನೆ. ದಾರಿಯಲ್ಲಿ ವಿಧವೆಯೊಬ್ಬಳೂ ಅವಳ ಮಗಳೂ ಬೆಂಕಿ ಹಾಕಿಕೊಂಡಿದ್ದಾರೆ. ಮಗಳು ಲುಕೇರ್ಯಾ ಗಂಡನ ಏಟು ತಿಂದು ತಿಂದು ಮಂಕಾದವಳು. ಅವನು ಕೈ ಕಾಯಿಸಿಕೊಳ್ಳುತ್ತಾ, ಯೇಸುವಿನ ಶಿಷ್ಯ ಪೀಟರ್ ಕೂಡ ಇಂಥದ್ದೇ ಚಳಿ ರಾತ್ರಿ ಬೆಂಕಿ ಹತ್ತಿರ ನಿಂತಿದ್ದ ಅಂತ ಯೇಸುವನ್ನು ಪೀಟರ್ ಮೂರು ಸಲ ನಿರಾಕರಿಸಿದ ಕತೆ ಹೇಳುತ್ತಾನೆ. ಹೇಳಿ ಮುಗಿಸುವಷ್ಟರಲ್ಲಿ ತಾಯಿಯ ಕಣ್ಣಲ್ಲಿ ನೀರು. ಮಗಳ ಮುಖ ದೊಡ್ಡ ನೋವನ್ನು ಅದುಮಿಟ್ಟುಕೊಂಡವರ ಹಾಗೆ ಬಿಗಿಯಾಗಿದೆ. 1900 ವರ್ಷದ ಹಿಂದೆ ನಡೆದದ್ದಕ್ಕೂ ಈ ಇಬ್ಬರು ಹೆಂಗಸರಿಗೂ ಏನೋ ಸಂಬಂಧ ಇದೆ ಅಂತ ಹುಡುಗನಿಗೆ ಹೊಳೆಯುತ್ತದೆ, ಖುಷಿಯಾಗುತ್ತದೆ. ಅವನಿಗಿನ್ನೂ 22 ವರ್ಷ ಅಂತ ಚೆಕಾವ್ ಮೆಲ್ಲಗೆ ನೆನಪಿಸುತ್ತಾನೆ. ಆ ಖುಷಿ ಎಷ್ಟು ದಿನ ಇರುತ್ತೋ ಅವನು ಹೇಳುವುದಿಲ್ಲ. ಆದರೆ ಇಷ್ಟು ಕತೆಗಳ ನಡುವೆ ಇಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಪೂರ್ತಿ ಕೇಳಿಸಿಕೊಂಡರು.

ಚೆಕಾವ್‌ನನ್ನು ಇನ್ನೂ ಓದಿಲ್ಲದವರು ಎಲ್ಲಿಂದ ಶುರುಮಾಡಬೇಕು ಅಂತ ಕೇಳುತ್ತಿರುತ್ತಾರೆ. 'ಸಂಕಟ' ಮತ್ತು 'ವಿದ್ಯಾರ್ಥಿ' ಎರಡನ್ನೂ ಒಂದೇ ದಿನ ಓದಿ, ಅರ್ಧ ಗಂಟೆ ಕೂಡ ಬೇಕಾಗಲ್ಲ. ಅವು ಮನಸ್ಸಿಗೆ ಹಿಡಿದರೆ 'ಗುಸೆವ್', ಆಮೇಲೆ 'ವಾರ್ಡ್ ನಂಬರ್ 6'. 1899ರ 'ನಾಯಿಮರಿ ಜೊತೆಗಿದ್ದ ಹೆಂಗಸು' ಕತೆಯನ್ನು ಸ್ವಲ್ಪ ವಯಸ್ಸಾದ ಮೇಲೆ ಓದಿದರೆ ಒಳ್ಳೆಯದು. ನಾಟಕಗಳನ್ನು ಪುಸ್ತಕದಲ್ಲಿ ಓದಲು ಹೋಗಿ ಬೇಜಾರು ಮಾಡಿಕೊಳ್ಳಬೇಡಿ, ಯಾರಾದರೂ ಆಡುತ್ತಿದ್ದರೆ ಹೋಗಿ ನೋಡಿ. ಸಖಾಲಿನ್ ಪುಸ್ತಕ ಕೊನೆಗಿರಲಿ. ಅದನ್ನು ತೆರೆದಾಗ ಕೋಷ್ಟಕಗಳನ್ನು ದಾಟಿಸಿ, ಆ ಹತ್ತು ವರ್ಷದ ಹುಡುಗ ಬರುವ ಅಧ್ಯಾಯದವರೆಗಾದರೂ ಹೋಗಿ.